ಇಟಲಿಗೆ ಒಬ್ಬಳೇ ಹೊರಟದ್ದು

ನಾನು ಒಂದು ಎಣಿಸುವುದು, ಸುತ್ತಲಿನವರೆಲ್ಲ ಸೇರಿ ಅದನ್ನು ಇನ್ನೊಂದು ಮಾಡುವುದು. ಕುವೈತಿನಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಕೆಲಸ ಮಾಡಿದವಳಿಗೆ ಇದು ಹೊಸತಲ್ಲ. ಆದರೆ ಇಟಲಿಯ ವಿಷಯದಲ್ಲಿ ಮಾತ್ರ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಕೇಳಿದ್ದು ದೊಡ್ಡದೇನಲ್ಲ. ಕ್ಲಿನಿಕ್ಕಿನಲ್ಲಿ ‘ಸಿಸ್ಟರ್’, ಮನೆಯಲ್ಲಿ ‘ಮಮ್ಮಿ’, ಇಗರ್ಜಿಯಲ್ಲಿ ಕೊಂಕಣಿಯವರು ಅಕ್ಕ ಎನ್ನುವ ‘ಬಾಯಿ’ ಎಂದು ಯಾರಾದರೂ ಕರೆಯುತ್ತಲೇ ಇರುತ್ತಾರೆ. ಯಾರೂ ಕರೆಯದ ಎಂಟು ದಿನ ಬೇಕಿತ್ತು, ಅಷ್ಟೆ. ಅಗ್ಗದ ವಿಮಾನ, ಹಾಸ್ಟೆಲಿನಲ್ಲಿ ಒಂದು ಮಂಚ, ಬೆನ್ನಿಗೊಂದು ಚೀಲ, ನಾನು ಒಬ್ಬಳೇ.

ಯಾರು ಸತ್ತರು?

ಜಹ್ರಾದ ನಮ್ಮ ಕ್ಲಿನಿಕ್ಕಿನ ಮ್ಯಾನೇಜರು ಈಜಿಪ್ಟಿನವರು. ರಜೆಯ ಅರ್ಜಿ ಕೊಟ್ಟೆ. ಇಷ್ಟು ವರ್ಷ ನನ್ನ ಅರ್ಜಿಗಳಲ್ಲಿ ಕಾರಣ ಗಟ್ಟಿಯಾಗಿರುತ್ತಿತ್ತು: ಮದುವೆ, ಮರಣ, ಮನೆಯ ಸ್ಲ್ಯಾಬು.

“ಇಟಲಿಯಲ್ಲಿ ನಿನಗೆ ಯಾರಿದ್ದಾರೆ?” ಎಂದರು.

“ಯಾರೂ ಇಲ್ಲ.”

“ಹಾಗಾದರೆ ಯಾರು ಸತ್ತರು?”

“ಯಾರೂ ಇಲ್ಲದ ಮೇಲೆ ಸಾಯುವುದು ಯಾರು ಸರ್? ಸುಮ್ಮನೆ ನೋಡಿ ಬರ್ತೇನೆ.”

“ಗಂಡ?”

“ಅವರು ಬರುವುದಿಲ್ಲ.”

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿ, “ಯಾ ಸಿಸ್ಟರ್, ಮನೆಯಲ್ಲಿ ಜಗಳವಾ? ನಾನು ಬೇಕಾದರೆ ಅವನ ಹತ್ತಿರ ಮಾತಾಡುತ್ತೇನೆ” ಎಂದರು. ಜಗಳ ಇಲ್ಲವೆಂದು ನಂಬಿಸಲು ಅರ್ಧ ಗಂಟೆ ಹಿಡಿಯಿತು. ಕೊನೆಗೆ ತಾವೇ ಒಂದು ದಾರಿ ಕಂಡುಕೊಂಡು, “ಖಲಾಸ್, ಇದು ನಿಮ್ಮ ಧರ್ಮದ ಯಾತ್ರೆ” ಎಂದು ಸಹಿ ಹಾಕಿದರು. ಹೊರಗೆ ಬರುವಷ್ಟರಲ್ಲಿ ಜಗಳದ ಸುದ್ದಿ ಫಾರ್ಮಸಿಗೂ, ಯಾತ್ರೆಯ ಸುದ್ದಿ ಎಕ್ಸ್‌ರೇ ಕೋಣೆಗೂ ತಲುಪಿತ್ತು.

ಮೊಣಕಾಲು

ಯಾತ್ರೆ ಎಂದ ಮೇಲೆ ಕೇಳಬೇಕೇ? ಪ್ರಾರ್ಥನೆಗೆ ಆರ್ಡರುಗಳು ಬರತೊಡಗಿದವು. ಫಿಲಿಪ್ಪೀನ್ಸಿನ ನರ್ಸಿಗೆ ಕೆನಡಾ ವೀಸಾ ಆಗಬೇಕು, ಕೇರಳದ ಡ್ರೈವರಿಗೆ ಗಂಡು ಮಗು ಬೇಕು. ಡ್ರೆಸಿಂಗಿಗೆ ಬರುತ್ತಿದ್ದ ಒಬ್ಬರು ಕುವೈತಿ ಅಜ್ಜಿಯಂತೂ ನನ್ನ ಕೈ ಬಿಡಲೇ ಇಲ್ಲ. “ಸಿತ್ತಿ ಮರಿಯಂ ಹತ್ತಿರ ನನ್ನ ಮೊಣಕಾಲಿನ ವಿಷಯ ಹೇಳು ಮಗಳೇ, ಮರೆಯಬೇಡ” ಎಂದರು.

ಮರೆಯಲಿಲ್ಲ. ಮೇರಿ ಮಾತೆಯ ಮುಂದೆ ಮೇಣದಬತ್ತಿ ಹಚ್ಚಿ, ಅಜ್ಜಿಯ ಹೆಸರು ಹಿಡಿದು ಬೇಡಿಕೊಂಡೆ. ವಾಪಸು ಬಂದ ವಾರವೇ ಅಜ್ಜಿ ಕುಂಟುತ್ತ ಬಂದು ನನ್ನ ಮೇಲೆ ರೇಗಿದರು. “ಎಡಗಾಲು ಎಷ್ಟು ಹಗುರವಾಗಿದೆ ಗೊತ್ತುಂಟಾ? ಆದರೆ ನೋವಿದ್ದದ್ದು ಬಲಗಾಲು! ನೀನು ಅಲ್ಲಿ ಸರಿಯಾಗಿ ಹೇಳಲಿಲ್ಲ.”

ವಾಲಿದ ಕಡೆ

ನನ್ನ ಗಂಡ ಅಹ್ಮದಿಯ ತೈಲ ಕಂಪೆನಿಯಲ್ಲಿ ಸೇಫ್ಟಿ ಸೂಪರ್‌ವೈಸರ್. ಬಲ್ಬು ಬದಲಿಸಬೇಕಾದರೂ ಕೆಳಗೆ ಒಬ್ಬರು ಏಣಿ ಹಿಡಿದು ನಿಲ್ಲಬೇಕು. ದುಡ್ಡು ಕೊಟ್ಟು ನಡೆಯಲಿಕ್ಕೆ ತಾನು ಬರುವುದಿಲ್ಲವೆಂದು ಮೊದಲೇ ಹೇಳಿಬಿಟ್ಟಿದ್ದರು. ಆದರೆ ಹೆಂಡತಿಯನ್ನು ಒಬ್ಬಳೇ ಕಳಿಸುವುದು ಹೇಗೆ? ಮೂರು ದಿನ ಕಂಪ್ಯೂಟರಿನ ಮುಂದೆ ಕೂತರು.

ಅಲ್ಲಿಂದ ಹೊರಬಂದದ್ದು ಹದಿನಾಲ್ಕು ಪುಟದ ಪಟ್ಟಿ. ಒಂದೊಂದು ಊರಿಗೂ ಎರಡು ಕಾಲಂ: ಅಪಾಯ, ಕ್ರಮ. ರೋಮ್: ಅಪಾಯ, ಕಿಸೆಗಳ್ಳರು, ಕ್ರಮ, ಕಿಸೆ ಇಲ್ಲದ ಬಟ್ಟೆ. ವೆನಿಸ್: ಅಪಾಯ, ನೀರು, ಕ್ರಮ, ಹತ್ತಿರ ಹೋಗಬಾರದು.

“ವೆನಿಸಿನಲ್ಲಿ ನೀರಿನ ಹತ್ತಿರ ಹೋಗದೆ ಎಲ್ಲಿಗೆ ಹೋಗ್ಲಿಕ್ಕೆ ಮಾರಾಯ್ರೆ?” ಎಂದು ಕೇಳಿದೆ.

“ಅದು ನಿನ್ನ ಪ್ಲಾನಿಂಗಿನ ತೊಂದರೆ” ಎಂದರು.

ಮಗಳು ಫೋನಿನಿಂದ ತಲೆ ಎತ್ತದೆ, “ಡ್ಯಾಡಿ, ಲೆಟ್ ಹರ್ ಗೋ ಯಾ” ಎಂದಳು. ಆ ಮನೆಯಲ್ಲಿ ನನ್ನ ಪರವಾಗಿ ಬಂದ ಒಂದೇ ವಾಕ್ಯ ಅದು. ಗಂಡ ಅದಕ್ಕೂ ಜಗ್ಗಲಿಲ್ಲ. ಪೀಸಾದ ಪುಟ ತೆಗೆದು ಗಂಭೀರವಾಗಿ ಓದಿ ಹೇಳಿದರು: “ಗೋಪುರ ವಾಲಿದ ಕಡೆ ನಿಲ್ಲಬಾರದು. ಆ ಕಡೆ ನಿಂತು ಫೋಟೋ ತೆಗೆಯಲೇಬೇಕಾದರೆ, ಬೇರೆಯವರದ್ದು ತೆಗಿ.”

ರೋಮಿನಲ್ಲಿ ಕಂಡ ಎತ್ತರ

ಕುವೈತಿನಲ್ಲಿ ನಾವಿರುವ ಫಿಂಟಾಸಿನಲ್ಲಿ ನಮ್ಮ ಕೊಂಕಣಿ ಪ್ರಾರ್ಥನಾ ಕೂಟವನ್ನು ನಡೆಸುವ ಒಬ್ಬರು ಹಿರಿಯ ಬಾಯಿ ಇದ್ದಾರೆ. ಹೊರಡುವ ಮುಂಚಿನ ಭಾನುವಾರ, “ಒಬ್ಬಳೇ ಎಂತಕ್ಕೆ? ನಾನಿಲ್ಲವಾ?” ಎಂದಿದ್ದರು. ನಾನು ಅದನ್ನು ಬಾಯಿಮಾತು ಎಂದುಕೊಂಡೆ. ತಪ್ಪು ನನ್ನದೇ.

ರೋಮಿನ ಸ್ಟೇಷನ್ನಿನಲ್ಲಿ ಇಳಿದರೆ ಮೂವರು ಕನ್ಯಾಸ್ತ್ರೀಯರು ರಟ್ಟು ಹಿಡಿದು ನಿಂತಿದ್ದರು. ರಟ್ಟಿನ ಮೇಲೆ ಕನ್ನಡದಲ್ಲಿ ನನ್ನ ಹೆಸರು. ಅವರಲ್ಲಿ ಒಬ್ಬರು ಆ ಬಾಯಿಯ ಚಿಕ್ಕಪ್ಪನ ಮಗಳು. “ಹಾಸ್ಟೆಲಿನಲ್ಲಿ ಮಂಚ ಬುಕ್ ಮಾಡಿದ್ದೇನೆ” ಎಂದೆ. “ನಾವು ಸತ್ತಿದ್ದೇವಾ?” ಎಂದು ಅವರು ನನ್ನ ಚೀಲ ಕಿತ್ತುಕೊಂಡೇಬಿಟ್ಟರು.

ನಾಲ್ಕು ದಿನ ಕಾನ್ವೆಂಟಿನಲ್ಲಿ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ. ಪಿಜ್ಜಾ ಎಂದು ಬಾಯಿ ತೆರೆದರೆ, “ಅದು ಹೊಟ್ಟೆಗೆ ಆಗುವುದಿಲ್ಲ” ಎನ್ನುತ್ತಿದ್ದರು. ಎರಡನೆಯ ದಿನ ನಾನು ನರ್ಸ್ ಎಂಬುದು ಗೊತ್ತಾಯಿತು. ಬೆಳಿಗ್ಗೆ ಎದ್ದು ಹೊರಗೆ ಬಂದರೆ ಕಾರಿಡಾರಿನ ಉದ್ದಕ್ಕೂ ಕುರ್ಚಿ ಹಾಕಿ, ತೋಳಿನ ಬಟ್ಟೆ ಮೇಲೆ ಮಡಚಿಕೊಂಡು ಹದಿನಾಲ್ಕು ಮಂದಿ ವಯಸ್ಸಾದ ಮದರುಗಳು ಕೂತಿದ್ದರು. ಯಾರನ್ನು ಬಿಡುವುದು? ಅವರೆಲ್ಲ ಎಷ್ಟು ಪ್ರೀತಿಯಿಂದ ನೋಡುತ್ತಿದ್ದರು ಎಂದರೆ ಸಿಟ್ಟು ಮಾಡಲಿಕ್ಕೂ ಆಗುತ್ತಿರಲಿಲ್ಲ, ಅದೇ ಇನ್ನೂ ಸಿಟ್ಟು. ಅಜ್ಜಿಯ ಮೊಣಕಾಲಿನ ಪ್ರಾರ್ಥನೆಯನ್ನೂ ಅವರದೇ ಚಾಪೆಲಿನಲ್ಲಿ ಮುಗಿಸಿದೆ.

ಕುವೈತಿಗೆ ವಾಪಸು ಬಂದ ಮೇಲೆ ಎಲ್ಲರೂ ಕೇಳಿದರು, ರೋಮಿನಲ್ಲಿ ದೊಡ್ಡ ದೊಡ್ಡ ಗುಮ್ಮಟ ನೋಡಿದೆಯಾ ಎಂದು. ರೋಮಿನಲ್ಲಿ ನಾನು ನೋಡಿದ ಎಲ್ಲಕ್ಕಿಂತ ಎತ್ತರದ ವಸ್ತು ಮೂರನೆಯ ಕುರ್ಚಿಯ ಮದರ್ ಅವರ ಬಿ.ಪಿ.

ಹಗ್ಗ

ಐದನೆಯ ದಿನ ವೆನಿಸಿನ ಬಸ್ಸು ಹತ್ತಿಸಿದರು. ಅಲ್ಲಿ ಇಳಿಸಿಕೊಳ್ಳಲು ಇನ್ನೊಂದು ಕಾನ್ವೆಂಟು ತಯಾರಾಗಿತ್ತು. ನಾನು ನಡುದಾರಿಯಲ್ಲೇ ಇಳಿದುಬಿಟ್ಟೆ. ಫೋನ್ ಮಾಡಿ ನಾಳೆ ಬರ್ತೇನೆ ಎಂದು ಹೇಳಿ ಸ್ವಿಚ್ ಆಫ್ ಮಾಡಿದೆ. ಸಣ್ಣ ಊರು. ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿಯೂ ಬಾಯಿಯ ಚಿಕ್ಕಪ್ಪನ ಮಗಳು ಹುಟ್ಟಿಕೊಳ್ಳುತ್ತಾಳೆ.

ಚೌಕದಲ್ಲಿ ಒಂದು ಕಲ್ಲು ಬೆಂಚು. ಬ್ರೆಡ್ಡು, ಟೊಮೆಟೊ, ಬಿಸಿಲು. ಯಾರೂ ಕರೆಯಲಿಲ್ಲ. ಎಷ್ಟು ಸುಖವಾಯಿತೆಂದರೆ ಕಣ್ಣಲ್ಲಿ ನೀರೇ ಬಂತು.

ಆ ಸುಖ ಒಂದೂವರೆ ಗಂಟೆ ಇತ್ತು. ಆಮೇಲೆ ಎದುರಿನ ಕಾಫಿ ಅಂಗಡಿಯ ಹೊರಗೆ ಒಬ್ಬಳು ಕೂತದ್ದು ಕಂಡಿತು. ದೊಡ್ಡ ಟೋಪಿ, ಕಪ್ಪು ಕನ್ನಡಕ, ಕೈಯಲ್ಲಿ ಪುಸ್ತಕ. ಪಕ್ಕದಲ್ಲಿ ಒಂದು ಭಾರೀ ಸೂಟ್‌ಕೇಸು, ಅದಕ್ಕೆ ಅಡ್ಡ ಎರಡು ಸುತ್ತು, ಉದ್ದ ಎರಡು ಸುತ್ತು ನೀಲಿ ನೈಲಾನ್ ಹಗ್ಗ. ಭೂಮಿಯ ಮೇಲೆ ಸೂಟ್‌ಕೇಸಿಗೆ ಹೀಗೆ ಹಗ್ಗ ಬಿಗಿಯುವವರು ಗಲ್ಫಿನಲ್ಲಿರುವ ನಮ್ಮವರು ಮಾತ್ರ. ಸುಮ್ಮನಿರಬೇಕಿತ್ತು. ಆಗಲಿಲ್ಲ. ನಾಲಿಗೆ ತುರಿಸಿತು. ಎದ್ದು ಹೋಗಿ ತುಳುವಿನಲ್ಲಿಯೇ ಕೇಳಿದೆ: “ನಿಮಗೆ ಊರಲ್ಲಿ ಮನೆ ಎಲ್ಲಿ ಆಯ್ತು?”

“ನೋ ನೋ. ಐ ಯಾಮ್ ಫ್ರಮ್ ಮೆಕ್ಸಿಕೋ” ಎಂದಳು.

ತುಳು ಅರ್ಥವಾಗುವ ಮೆಕ್ಸಿಕೋದವಳನ್ನು ನೋಡಿದ್ದು ಅದೇ ಮೊದಲು. ನಾನು ಅಲ್ಲಿಂದ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಸೋತು ಕನ್ನಡಕ ತೆಗೆದಳು. ನೋಡಿದರೆ ಫಿಂಟಾಸಿನ ನಮ್ಮದೇ ಬಿಲ್ಡಿಂಗಿನ ಮೂರನೆಯ ಮಹಡಿಯವಳು! ಆಫೀಸಿನಲ್ಲಿ ಟೈಪಿಸ್ಟು, ಲಿಫ್ಟಿನಲ್ಲಿ ದಿನಾ ಸಿಗುವವಳು.

“ಅಕ್ಕಾ, ನಿಮ್ಮ ದಮ್ಮಯ್ಯ, ಯಾರಿಗೂ ಹೇಳ್ಬೇಡಿ” ಎಂದಳು. “ಇಟಲಿಗೆ ಒಬ್ಬಳೇ ಅಂದದ್ದಕ್ಕೆ ನಿಮಗೆ ಏನಾಯ್ತು ಅಂತ ನೋಡಿದೆನಲ್ಲ. ನೀವು ರೋಮಿನಲ್ಲಿ ಇರ್ತೀರಿ ಅಂತ ಗೊತ್ತಿತ್ತು, ಅದಕ್ಕೇ ನಾನು ಆ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ, ಬಿಲ್ಡಿಂಗಿನಲ್ಲಿ ಎಲ್ಲ ಊರಿಗೆ ಹೋಗ್ತೇನೆ ಅಂತ ಹೇಳಿ ಬಂದದ್ದು.”

ಅವಳ ಬುದ್ಧಿ ನನಗೆ ಯಾಕೆ ಬರಲಿಲ್ಲವೋ ಎಂದು ಹೊಟ್ಟೆ ಉರಿಯಿತು. “ಮತ್ತೆ ಈ ಹೊರೆ ಎಂತದ್ದು?” ಎಂದೆ.

ಅವಳ ಮುಖ ಅಳುವ ಹಾಗಾಯಿತು. “ಊರಿಗೆ ಅಂದೆನಲ್ಲ ಅಕ್ಕಾ! ನೀವು ಹೋದ ಮರುದಿನ ನಾನು ಹೊರಡುವ ಬೆಳಿಗ್ಗೆ ಬಿಲ್ಡಿಂಗಿನವರೆಲ್ಲ ಒಂದೊಂದು ಪೊಟ್ಟಣ ತಂದು ಕೊಟ್ಟರು. ಬೇಡ ಅಂತ ಹೇಗೆ ಹೇಳುವುದು? ಹಾಲಿನ ಪುಡಿ, ಸೋಪು, ಎರಡು ಕಂಬಳಿ. ವೆನಿಸಿನಲ್ಲಿ ಎಷ್ಟು ಸೇತುವೆ ಉಂಟು ಗೊತ್ತುಂಟಾ ನಿಮಗೆ? ಒಂದೊಂದರ ಮೇಲೂ ಇದನ್ನು ಹತ್ತಿಸಿ ಇಳಿಸಿದ್ದೇನೆ. ದೋಣಿಯವನು ಇದಕ್ಕೂ ಟಿಕೆಟ್ ತಗೊಂಡ.”

ಪಾಪ ಎನಿಸಿತು. “ಯಾರು ಮಾರಾಯ್ತಿ ಅಷ್ಟು ಭಾರದ್ದು ಕೊಟ್ಟವರು? ನಾಚಿಕೆ ಬೇಡವಾ ಅವರಿಗೆ?” ಎಂದು ಬೈದೆ.

ಅವಳು ಕಾಫಿ ಕಪ್ಪಿನೊಳಗೆ ನೋಡುತ್ತ ಹೇಳಿದಳು. “ಎಲ್ಲರಿಗಿಂತ ಭಾರದ್ದು ನಿಮ್ಮ ಯಜಮಾನರದ್ದು. ಅವರ ಅಮ್ಮನಿಗೆ ಅಂತ ಒಂದು ಡಜನ್ ನೋವಿನೆಣ್ಣೆ.”

ನಾನು ಇನ್ನೂ ಕಣ್ಣಲ್ಲಿ ಕಾಣದ ವೆನಿಸನ್ನು ನನ್ನ ಅತ್ತೆಯ ನೋವಿನೆಣ್ಣೆ ದೋಣಿಯಲ್ಲಿ ಕೂತು ನೋಡಿ ಮುಗಿಸಿತ್ತು.