ನಿದ್ದೆಯಲ್ಲ, ಸುಮ್ಮನೆ ಅಡ್ಡಾಗಿದ್ದೆ

ಯಾವ ವಯಸ್ಸಿನವರಿಗೆ ಎಷ್ಟು ನಿದ್ದೆ ಬೇಕು ಎಂಬುದನ್ನು ವೈದ್ಯರು ಹೇಳಬಲ್ಲರು. ಯಾರಿಗೆ ಎಷ್ಟು ಸಿಗುತ್ತದೆ ಎಂಬುದು ಮಾತ್ರ ಮನೆಯಲ್ಲಿ ಎಷ್ಟು ಫ್ಯಾನುಗಳಿವೆ ಎಂಬುದರ ಮೇಲಿದೆ. ಬ್ಯಾಡಗಿಯ ನಮ್ಮ ಬಾಡಿಗೆ ಮನೆಯಲ್ಲಿ ಇದ್ದದ್ದು ಒಂದೇ ಫ್ಯಾನು, ಅದರ ಕೆಳಗೆ ಒಂದೇ ಮಂಚ. ಎಂಬತ್ತರ ದಶಕದ ಕೊನೆಯ ಆ ಬೇಸಿಗೆಯಲ್ಲಿ ನಾನು ಬಯಸಿದ್ದು ರಾಜ್ಯವನ್ನಲ್ಲ, ಪದವಿಯನ್ನಲ್ಲ. ಭಾನುವಾರ ಮಧ್ಯಾಹ್ನ ಆ ಮಂಚದ ಮೇಲೆ ಒಂದು ನಿದ್ದೆಯನ್ನು.

ಅದಕ್ಕೆ ಅಡ್ಡಿಯಾದವರು ನನ್ನ ಮಾವನವರು. ಮೊಮ್ಮಗನನ್ನು ನೋಡಲೆಂದು ಗುತ್ತಲದಿಂದ ನಾಲ್ಕು ದಿನಕ್ಕೆ ಬಂದವರು, ಯುಗಾದಿ ಮುಗಿದರೂ ನೋಡಿ ಮುಗಿಸಿರಲಿಲ್ಲ. ಊಟವಾದೊಡನೆ ಮಂಚ ಏರುತ್ತಿದ್ದರು. ಒಂದು ಭಾನುವಾರ ನಾನು ಪತ್ರಿಕೆಯ ಪುರವಣಿ ಹಿಡಿದು, ಕೂಸುಗಳಿಗೆ ದಿನದ ಬಹುಪಾಲು ನಿದ್ದೆಯೇ ಬೇಕಂತೆ, ದುಡಿಯುವ ವಯಸ್ಸಿನವರಿಗೆ ಏಳೆಂಟು ತಾಸಾದರೂ ಬೇಕಂತೆ, ವಯಸ್ಸಾದವರಿಗೆ ಬರುವುದೇ ಕಡಿಮೆಯಂತೆ ಎಂದು ಅವರಿಗೆ ಕೇಳುವಂತೆ ಓದಿದೆ. ‘ವಯಸ್ಸಾದವರಿಗೆ’ ಎಂಬಲ್ಲಿ ದನಿಯನ್ನು ಸ್ವಲ್ಪ ಏರಿಸಿದೆ.

“ಖರೇ ಬರದಾರ ನೋಡ್ರಿ ಅಳಿಯಂದ್ರ,” ಎಂದು ಮಾವ ದಿಂಬು ಸರಿಮಾಡಿಕೊಂಡರು. “ನನಗಂತೂ ನಿದ್ದೀನ ಇಲ್ಲ. ಸುಮ್ನ ಹಿಂಗ ಅಡ್ಡಾಗ್ತೇನಿ, ಅಷ್ಟ.”

ಮಾತು ಮುಗಿಯುವ ಮೊದಲೇ ಗೊರಕೆ ಶುರುವಾಯಿತು. ನಮ್ಮ ಕಡೆ ಈ ಅಡ್ಡಾಗುವುದು ಎಂಬುದೊಂದು ದೊಡ್ಡ ಸೌಲಭ್ಯ. ಮಲಗಿದವನು ಸೋಮಾರಿ, ಅಡ್ಡಾದವನು ಪಾಪ, ದಣಿದ ಮನುಷ್ಯ. ಮಾವನವರು ಮಧ್ಯಾಹ್ನವೆಲ್ಲ ಅಡ್ಡಾಗಿ, ರಾತ್ರಿಯಿಡೀ ಮತ್ತೆ ಅಡ್ಡಾಗಿ, ಬೆಳಿಗ್ಗೆ ಮಗಳ ಮುಂದೆ ಕಣ್ಣೇ ಮುಚ್ಚಿಲ್ಲವೆಂದು ನಿಟ್ಟುಸಿರು ಬಿಡುತ್ತಿದ್ದರು. ಅವಳು ಮರುಗಿ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕುತ್ತಿದ್ದಳು. ನನ್ನ ಏಳೆಂಟು ತಾಸಿನ ಮಾತೆತ್ತಿದರೆ ಮಾತ್ರ, “ರಾಣೆಬೆನ್ನೂರು ಆಫೀಸಿನಿಂದ ಬರೂಮುಂದ ಮೋಟೆಬೆನ್ನೂರು ತನಕ ಬಸ್ಸಿನ್ಯಾಗ ಗೊರಕಿ ಹೊಡೀತೀರಲ್ಲ, ಅದನ್ನ ಯಾವ ಲೆಕ್ಕದಾಗ ಹಿಡೀಬೇಕು?” ಎನ್ನುತ್ತಿದ್ದಳು.

ಮುಂದಿನ ಭಾನುವಾರ ಮಾವ ಕೈ ತೊಳೆಯಲು ಹೋದಾಗ ನಾನು ಮಂಚಕ್ಕೆ ಹಾರಿ, ಅವರ ಅಸ್ತ್ರವನ್ನೇ ಪ್ರಯೋಗಿಸಿದೆ. “ನಿದ್ದಿ ಅಲ್ಲ, ಸುಮ್ನ ಅಡ್ಡಾಗೇನಿ.”

“ಚಲೋ ಆತು,” ಎಂದಳು ಹೆಂಡತಿ. “ಮಲಗಿದ್ರ ಎಬ್ಬಸಬಾರದು ಅಂತಿದ್ದೆ. ಬರೇ ಅಡ್ಡಾಗೀರಂದ ಮ್ಯಾಲ ಏಳ್ರಿ, ಹಿಟ್ಟು ತೀರೈತಿ. ಗಿರಣಿಗೆ ಹೋಗಿ ಜ್ವಾಳ ಬೀಸಿಸ್ಕೊಂಡು ಬರ್ರಿ.”

ನಾನು ಚೀಲ ಎತ್ತುವಷ್ಟರಲ್ಲಿ ಹಿಂದಿನಿಂದ ಮಾವನ ದನಿ ಬಂತು. “ಅಳಿಯಂದ್ರು ಎದ್ದರೇನವಾ?”

ಗಿರಣಿಯಲ್ಲಿ ಸರದಿ ಉದ್ದವಿತ್ತು. ಒಂದು ಕಡೆ ಹಿಟ್ಟಿನ ಯಂತ್ರದ ಗಡಗಡ, ಇನ್ನೊಂದು ಕಡೆ ಖಾರ ಕುಟ್ಟುವ ಸದ್ದು. ಮೆಣಸಿನಕಾಯಿ ಘಾಟಿಗೆ ಸರದಿಯೆಲ್ಲ ಸೀನುತ್ತಿತ್ತು. ಜೋಳದ ಚೀಲಗಳಿಗೆ ಒರಗಿ ಮಾವನನ್ನು ಮನಸಾರೆ ಬೈಯುತ್ತ ಕುಳಿತದ್ದಷ್ಟೇ ಗೊತ್ತು. ಗಿರಣಿಯವನು ಭುಜ ಅಲುಗಾಡಿಸಿ, “ಏಳ್ರಿ ಸರ, ನಿಮ್ದು ಬೀಸಿ ಭಾಳ ಹೊತ್ತಾತು,” ಎಂದಾಗ ಹೊರಗೆ ಬಿಸಿಲು ಇಳಿದಿತ್ತು. ಮದುವೆಯಾದ ಮೇಲೆ ಅಂಥ ನಿದ್ದೆ ನನಗೆ ಬಂದಿರಲಿಲ್ಲ.

ಮನೆಯಲ್ಲಿ ಇದನ್ನು ಹೇಳುವಷ್ಟು ಹುಚ್ಚ ನಾನಲ್ಲ. ಸೋತ ಮುಖ ಹೊತ್ತು ಒಳಗೆ ಬಂದೆ. ಹೆಂಡತಿಗೆ ಕನಿಕರ ಬಂತು, ಮಾವನವರಿಗೂ ಸಂಕೋಚವಾಗಿರಬೇಕು. ಮರು ಭಾನುವಾರ, “ಇವತ್ತ ನೀವ ಅಡ್ಡಾಗ್ರಿ,” ಎಂದು ಮಂಚ ಬಿಟ್ಟುಕೊಟ್ಟು ಹೊರಗೆ ಕಟ್ಟೆಯ ಮೇಲೆ ಕುಳಿತರು. ಮಗುವನ್ನೂ ಸುಮ್ಮನಿರಿಸಿದ್ದರು. ಫ್ಯಾನು ನನ್ನೊಬ್ಬನಿಗಾಗಿಯೇ ತಿರುಗುತ್ತಿತ್ತು. ಎಷ್ಟು ಹೊರಳಾಡಿದರೂ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಕೊನೆಗೆ ಎದ್ದು ಅಡುಗೆಮನೆಗೆ ಹೋಗಿ, ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿ, “ಇವತ್ತ ಬೀಸಸೂದು ಏನೂ ಇಲ್ಲೇನ?” ಎಂದು ಕೇಳಿದೆ.