ಹತ್ತು ಗಂಟೆಯ ಅತ್ತೆ

ನಮ್ಮ ಸೋದರತ್ತೆಯನ್ನು ಬೆಳಗಿನ ಹತ್ತು ಗಂಟೆಗೆ ಮುಂಚೆ ಕಣ್ಣಾರೆ ಕಂಡವರು ಈ ಭೂಮಿಯ ಮೇಲೆ ಯಾರೂ ಇಲ್ಲ! ಮಾವನನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವರು ಭತ್ತ ಕೊಯ್ಯುವ ಯಂತ್ರದ ಡ್ರೈವರು. ವರ್ಷದಲ್ಲಿ ಏಳೆಂಟು ತಿಂಗಳು ಯಂತ್ರದ ಜೊತೆ ಊರೂರು ತಿರುಗುವವರು, ಮನೆಗೆ ಬಂದರೆ ಮಧ್ಯಾಹ್ನದವರೆಗೆ ಗೊರಕೆ ಹೊಡೆಯುವವರು. ಸಾಸ್ವೆಹಳ್ಳಿಯಿಂದ ಮೂರು ಕಿಲೋಮೀಟರ್ ಒಳಗಿರುವ ಆ ಊರಿನಲ್ಲಿ ಸೂರ್ಯ ಆರಕ್ಕೆ ಹುಟ್ಟಿದರೆ ಅತ್ತೆ ಹತ್ತಕ್ಕೆ ಹುಟ್ಟುತ್ತಾರೆ. ಅಲ್ಲಿಯವರೆಗೆ ಬಾಗಿಲು ಮುಚ್ಚಿಯೇ ಇರುತ್ತದೆ. ಬಡಿದರೆ ಒಳಗಿನಿಂದ "ಆಮೇಲ್ ಬರ್ರೀ" ಎಂಬ ಉತ್ತರ. ತಹಸೀಲ್ದಾರರೇ ಬಂದು ನಿಂತರೂ ಅಷ್ಟೇ.

ನಮ್ಮಪ್ಪ ತನ್ನ ತಂಗಿಗೆ ಇಟ್ಟ ಹೆಸರು "ಹತ್ತು ಗಂಟೆ ಮಹಾರಾಣಿ". ಇದು ಮುಖದೆದುರಿನ ಹೆಸರು. ಬೆನ್ನ ಹಿಂದಿನದು "ಸೋಂಬೇರಿ". ಚನ್ನಗಿರಿಯ ನಮ್ಮ ಮನೆಯಲ್ಲಿ ಎರಡನ್ನೂ ಎಲ್ಲರೂ ಹನ್ನೊಂದು ವರ್ಷ ಧಾರಾಳವಾಗಿ ಬಳಸಿದೆವು. ಬಾಗಿಲ ಸಂದಿಯಿಂದ "ಆಮೇಲ್ ಬರ್ರೀ" ಎಂದು ಅತ್ತೆಯ ನಕಲು ಮಾಡಿ ನಗಿಸುವುದರಲ್ಲಿ ನಮ್ಮ ವಂಶದಲ್ಲೇ ನನಗೆ ಮೊದಲ ಬಹುಮಾನ. ನಾನು ಹೈಸ್ಕೂಲು ಟೀಚರು, ಮಕ್ಕಳನ್ನು ಒಂಬತ್ತೂವರೆಗೆ ಗೇಟಿನಲ್ಲಿ ನಿಲ್ಲಿಸಿ ಗದರುವ ಪೈಕಿ. ತಡವಾಗಿ ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಅತ್ತೆಯ ಎಮ್ಮೆಯ ಕಥೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಲೋಕದ ಎಮ್ಮೆಗಳನ್ನೆಲ್ಲ ಐದೂವರೆಗೆ ಕರೆಯುತ್ತಾರೆ, ಏಳಕ್ಕೆ ಡೈರಿಯವರು ಕ್ಯಾನು ಮುಚ್ಚಿ ಗಾಡಿಗೆ ಏರಿಸುತ್ತಾರೆ. ಅತ್ತೆಯ ಎಮ್ಮೆಗೆ ಮಾತ್ರ ಆಫೀಸ್ ಟೈಮು! ಹತ್ತೂವರೆಗೆ ಹಾಜರಿ. ಮೊದಮೊದಲು ಕೊಟ್ಟಿಗೆಯಲ್ಲಿ ಅರಚಿ ಊರೆಬ್ಬಿಸುತ್ತಿದ್ದ ಅದು ಬರುಬರುತ್ತ ಕಾಯಂ ನೌಕರಿ ಸಿಕ್ಕವರ ಹಾಗೆ ನಿಶ್ಚಿಂತೆಯಿಂದ ಮೆಲುಕು ಹಾಕುತ್ತ ನಿಲ್ಲತೊಡಗಿತು. ಡೈರಿಯ ಕಾರ್ಯದರ್ಶಿ ಒಮ್ಮೆ ರೇಗಿ ಕೇಳಿದರಂತೆ:

"ಏನಕ್ಕಾ, ಎಲ್ಲಾರ ಎಮ್ಮೆನೂ ಟೈಮಿಗೆ ಹಾಲು ಕೊಡ್ತಾವೆ. ನಿಮ್ದ್ಯಾಕೆ ಹಿಂಗೆ?"

"ಅದು ಕೊಡ್ತೈತೆ ಕಣಪ್ಪಾ. ನಾನು ತಗಾಬೇಕಲ್ಲ!"

ಹಾಲು ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಹೋಗತೊಡಗಿತು, ಅಂಗಡಿಯವನು ಕೊಟ್ಟಷ್ಟಕ್ಕೆ. ಡೈರಿಯವರ ಬೋನಸ್ಸಿಲ್ಲ, ಹಿಂಡಿಯಿಲ್ಲ. "ನಾಲ್ಕು ತಾಸು ಮೊದಲು ಎದ್ದರೆ ನಿಮಗೇನು ಕಿರೀಟ ಬಿದ್ದುಹೋಗುತ್ತಾ?" ಎಂದು ನಾನೇ ಅವರಿಗೆ ಭಾಷಣ ಬಿಗಿದಿದ್ದೆ. ಅತ್ತೆ ನಕ್ಕು, ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಚಹಾ ಕುಡಿದಿದ್ದರು. ಅವರು ಲೋಟ ಹಿಡಿಯುವುದೇ ಹಾಗೆ, ತೀರ್ಥ ತೆಗೆದುಕೊಂಡ ಹಾಗೆ. ಅದನ್ನೂ ನಾನು ನಕಲು ಮಾಡುತ್ತಿದ್ದೆ.

ಹತ್ತು ಗಂಟೆಯ ನಿಯಮಕ್ಕೆ ಒಂದೇ ಒಂದು ಅಪವಾದ ನನ್ನ ತಂಗಿಯ ಮದುವೆ. ಹೊನ್ನಾಳಿಯ ಕಲ್ಯಾಣ ಮಂಟಪ, ಮುಹೂರ್ತ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ. ಮಹಾರಾಣಿ ಏಳುತ್ತಾರೋ ಇಲ್ಲವೋ ಎಂದು ನಾವು ಪಂದ್ಯ ಕಟ್ಟಿದ್ದೆವು. ಬೆಳಿಗ್ಗೆ ಹೆಂಗಸರ ಕೋಣೆಯಲ್ಲಿ ನೋಡುತ್ತೇವೆ, ಅತ್ತೆ ಜರಿ ಸೀರೆ ಉಟ್ಟು, ಜಡೆ ಹೆಣೆದು, ಬಳೆ ತೊಟ್ಟು ಚಾಪೆಯ ಮೇಲೆ ಸಿದ್ಧ! ಮದುಮಗಳಿಗೇ ಇನ್ನೂ ಸ್ನಾನವಾಗಿಲ್ಲ. ಆಮೇಲೆ ಗೊತ್ತಾಯಿತು, ಹಿಂದಿನ ದಿನವೇ ಎಲ್ಲ ಉಟ್ಟು ತೊಟ್ಟು ಹಾಗೇ ಮಲಗಿಬಿಟ್ಟಿದ್ದರು. ಧಾರೆಯ ಹೊತ್ತಿಗೆ ಎಲ್ಲರೂ ಅಕ್ಕಿಕಾಳನ್ನು ಬೆರಳಲ್ಲಿ ಚಿಮುಕಿಸಿದರೆ ಅತ್ತೆ ಎರಡೂ ಅಂಗೈಯಲ್ಲಿ ತೋಡಿ ಗಂಡಿನ ತಲೆಯ ಮೇಲೆ ಮೊರದಿಂದ ಸುರಿದ ಹಾಗೆ ಸುರಿದರು. ಮದುಮಗನ ಪೇಟ ಜಾರಿತು. ವಿಡಿಯೋದಲ್ಲಿ ಆ ಭಾಗವನ್ನು ನಾವು ಎಷ್ಟು ಸಲ ತಿರುಗಿಸಿ ನೋಡಿ ನಕ್ಕಿದ್ದೇವೋ!

ಈ ನಡುವೆ ಒಂದು ವರ್ಷ ಅತ್ತೆ ಇದ್ದಕ್ಕಿದ್ದ ಹಾಗೆ ಗುಂಡಗಾದರು. ಕೆನ್ನೆ ಊದಿ ಮುಖ ಬೆಳಗತೊಡಗಿತು. "ಕೂತು ಉಂಡ್ರೆ ಮೈ ಬರದೆ ಇನ್ನೇನು? ಸುಖ ಕಣಮ್ಮಾ, ಸುಖ!" ಎಂದರು ಅಪ್ಪ. ನೋಡಿದವರೆಲ್ಲ ಹಾಗೆಯೇ ಅಂದರು. ಅದು ಸುಖವಲ್ಲ ಮಾತ್ರೆ ಎಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಯಾವುದೋ ಔಷಧಿ ಅಂಗಡಿಯವನು ಕೈನೋವಿಗೆಂದು ಹೆಸರಿಲ್ಲದ ಬಿಳಿ ಮಾತ್ರೆಗಳನ್ನು ಪೇಪರ್ ಚೂರಿನಲ್ಲಿ ಕಟ್ಟಿ ಕೊಡುತ್ತಿದ್ದ. ನುಂಗಿದ ದಿನ ನೋವು ಇಲ್ಲ. ಮುಖವನ್ನು ಊದಿಸಿ ಮೂಳೆಯನ್ನು ಒಳಗಿನಿಂದ ತಿನ್ನುವ ಮಾತ್ರೆ ಅದು, ಡಾಕ್ಟರ ನಿಗಾ ಇಲ್ಲದೆ ತಿಂಗಳುಗಟ್ಟಲೆ ನುಂಗುವಂಥದ್ದಲ್ಲ.

ಅತ್ತೆ ಡಾಕ್ಟರ ಹತ್ತಿರ ಹೋಗಲಿಲ್ಲವೇ ಎಂದು ನೀವು ಕೇಳಬಹುದು. ಹೋದರು, ಮೂರು ಸಲ! ದಾವಣಗೆರೆಯ ಒಂದು ದೊಡ್ಡ ಆಸ್ಪತ್ರೆಗೆ ಗಂಟುನೋವಿನ ತಜ್ಞರು ಗುರುವಾರ ಮಾತ್ರ ಬರುತ್ತಿದ್ದರು. ಎಂಟೂವರೆಗೆ ಚೀಟಿ ಕೌಂಟರು ಬಂದ್. ಅಷ್ಟರೊಳಗೆ ತಲುಪಿಸುವ ಬಸ್ಸು ಊರು ಬಿಡುವುದು ಆರಕ್ಕೆ, ಮುಂದಿನದು ಹತ್ತೂವರೆಗೆ. ಅತ್ತೆ ಯಾವ ಬಸ್ಸು ಹತ್ತಿದರು ಎಂದು ಬೇರೆ ಹೇಳಬೇಕೇ? ಮೊದಲ ಸಲ ಕೌಂಟರು ಮುಚ್ಚಿತ್ತು. ಎರಡನೇ ಸಲ ತಜ್ಞರು ಎದ್ದು ಹೋಗಿದ್ದರು. ಮೂರನೇ ಸಲ ಊಟಕ್ಕೆ ಹೊರಟಿದ್ದ ಒಬ್ಬ ಕಿರಿಯ ಡಾಕ್ಟರು ಕನಿಕರದಿಂದ ನಿಂತು ಕೇಳಿದರಂತೆ:

"ಹೇಗಿದೀರಮ್ಮಾ?"

"ಆರಾಮಿದೀನಿ ಸಾಹೇಬ್ರೆ. ನೀವು ಆರಾಮಾ? ಊಟ ಆತಾ?"

ಹಸಿದು ಹೊರಟವರ ಮುಂದೆ ತನ್ನ ಗೋಳು ತೆಗೆಯುವುದು ನಮ್ಮ ಕಡೆ ಯಾವ ಮರ್ಯಾದೆ? ಡಾಕ್ಟರು ಕೈ ಮಡಚಲು ಹೇಳಿದರು. ಮಧ್ಯಾಹ್ನ ಒಂದೂವರೆ ಗಂಟೆಯ ಬೆರಳುಗಳು ಒಪ್ಪವಾಗಿ ಮಡಚಿಕೊಂಡವು. "ಚೆನ್ನಾಗೇ ಇದೆಯಲ್ಲಮ್ಮಾ! ವಯಸ್ಸಾಯ್ತು, ಅಷ್ಟೇ" ಎಂದು ಶಕ್ತಿಯ ಮಾತ್ರೆ ಬರೆದು ಕಳಿಸಿದರು. ಅತ್ತೆಗೆ ಆಗ ನಲವತ್ತಾರು. ಅವತ್ತು ಚನ್ನಗಿರಿಗೆ ಬಂದ ತಂಗಿಯನ್ನು ನೋಡಿ ಅಪ್ಪ, "ಡಾಕ್ಟ್ರು ಏನೂ ಇಲ್ಲ ಅಂದ್ರಂತೆ. ಇವಳು ಹೋಗಿದ್ದು ಬೆಣ್ಣೆದೋಸೆ ತಿನ್ನಾಕೆ!" ಎಂದರು. ನಾವು ನಕ್ಕೆವು. ಅತ್ತೆಯೂ ನಕ್ಕರು.

ನನ್ನ ಕಣ್ಣು ತೆರೆದದ್ದು ಹೋದ ವರ್ಷ, ಅದೂ ನಮ್ಮ ಸ್ಟಾಫ್ ರೂಮಿನಲ್ಲಿ. ನಮ್ಮ ಹೆಡ್ ಮೇಡಂ ಒಂದು ದಿನ ಶಾಲೆಗೆ ಹನ್ನೊಂದಕ್ಕೆ ಬಂದರು. "ಬೆಳಿಗ್ಗೆ ಎದ್ದರೆ ಬೆರಳು ಮಡಚೋಕಾಗಲ್ಲ ರೀ. ಬ್ರಷ್ ಹಿಡಿಯೋಕಾಗಲ್ಲ, ಹುಕ್ ಹಾಕೋಕಾಗಲ್ಲ. ಹತ್ತು ಗಂಟೆ ಹೊತ್ತಿಗೆ ತಾನಾಗೇ ಬಿಟ್ಕೊಳ್ಳುತ್ತೆ" ಎಂದರು. ನಾವೆಲ್ಲ ಅಯ್ಯೋ ಎಂದೆವು! ಒಬ್ಬರು ಕುರ್ಚಿ ಎಳೆದುಕೊಟ್ಟರು, ಒಬ್ಬರು ಎಣ್ಣೆ ತಂದರು, ಅವರ ಮುಂದಿನ ಪೀರಿಯಡ್ಡನ್ನು ನಾನೇ ತೆಗೆದುಕೊಂಡೆ. ಆ ವಾರವೇ ಮೇಡಂ ಯಜಮಾನರ ಕಾರಿನಲ್ಲಿ ನಸುಕಿಗೇ ಹೊರಟು, ಅದೇ ಆಸ್ಪತ್ರೆಯಲ್ಲಿ, ಅದೇ ತಜ್ಞರ ಮುಂದೆ ಎಂಟು ಗಂಟೆಗೆ ಬಿಗಿದ ಕೈಗಳನ್ನೇ ಚಾಚಿದರು. ನಾಲ್ಕು ತಿಂಗಳಲ್ಲಿ ಬೋರ್ಡಿನ ಮೇಲೆ ಮತ್ತೆ ಮುತ್ತಿನಂಥ ಅಕ್ಷರ.

ನಾನು ಮಾತ್ರ ಅವತ್ತು ಆ ಪೀರಿಯಡ್ಡಿನಲ್ಲಿ ಪಾಠ ಮಾಡದೆ ಸೀಮೆಸುಣ್ಣ ಹಿಡಿದು ನಿಂತುಬಿಟ್ಟೆ. ಬೆರಳು, ಹುಕ್ಕು, ಹತ್ತು ಗಂಟೆ. ಇದು ನಮ್ಮ ಅತ್ತೆಯ ದಿನಚರಿಯಲ್ಲವೇ! ಮೇಡಂಗೆ ಬಂದದ್ದು ಕಾಯಿಲೆ, ಅತ್ತೆಗೆ ಬಂದದ್ದು ಸೋಂಬೇರಿತನ ಎಂದು ಹನ್ನೊಂದು ವರ್ಷ ತೀರ್ಪು ಕೊಟ್ಟವಳು ನಾನು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಬುಧವಾರ ಮಧ್ಯಾಹ್ನ ರಜೆ ಹಾಕಿ ಹೋಗಿ ಅತ್ತೆಯನ್ನು ಹೊರಡಿಸಿದೆ. ಎಮ್ಮೆಯನ್ನು ಪಕ್ಕದ ಮನೆಗೆ ಒಪ್ಪಿಸಿ, ಆಸ್ಪತ್ರೆಯ ಎದುರಿನ ಲಾಡ್ಜಿನಲ್ಲಿ ಉಳಿದೆವು. ಅತ್ತೆ ಚೀಲದಿಂದ ಒಳ್ಳೆಯ ಸೀರೆ ತೆಗೆದರು, ಉಟ್ಟೇ ಮಲಗಲು. ನಾನು ಬಿಡಲಿಲ್ಲ. ಬೆಳಿಗ್ಗೆ ಆರಕ್ಕೆ ನಾನು ಕಂಡದ್ದನ್ನು ಹೇಗೆ ಹೇಳಲಿ? ನೀರಿನ ಬಾಟಲಿಯ ಮುಚ್ಚಳ ತಿರುಗಿಸಲಾಗದೆ ಅದನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಬೆರಳಿನ ಗಿಣ್ಣುಗಳು ಕೆಂಪಗೆ ಊದಿ ಹೊಳೆಯುತ್ತಿದ್ದವು. ಚಳಿಗೆ ಸೆಟೆದ ಹಗ್ಗದ ಹಾಗೆ ಇಡೀ ಮೈ.

"ಒಂಚೂರು ಬಿಸಿನೀರು ಕೊಡವ್ವಾ. ಕೈ ಅದ್ದಿದ್ರೆ ಸಡ್ಲ ಆಗ್ತೈತೆ" ಎಂದರು.

ಕೊಡಲಿಲ್ಲ. ಬಕೆಟ್ಟಿನಲ್ಲಿ ಬಿಸಿನೀರು ಹೊಗೆಯಾಡುತ್ತಿತ್ತು, ಆದರೂ ಕೊಡಲಿಲ್ಲ. ಕೊಟ್ಟರೆ ನೋವು ಕರಗಿಹೋಗುತ್ತಿತ್ತು, ಡಾಕ್ಟರಿಗೆ ತೋರಿಸಲು ಮತ್ತೆ ಏನೂ ಉಳಿಯುತ್ತಿರಲಿಲ್ಲ! ಜನ ನೋವು ಕಳೆಯಲು ಆಸ್ಪತ್ರೆಗೆ ಹೋಗುತ್ತಾರೆ. ನಾನು ಐಸ್‌ಕ್ಯಾಂಡಿಯನ್ನು ಕರಗುವ ಮೊದಲು ಮನೆ ಮುಟ್ಟಿಸುವವರ ಹಾಗೆ ಅತ್ತೆಯ ನೋವನ್ನು ಜೋಪಾನ ಮಾಡಿ ರಸ್ತೆ ದಾಟಿಸಬೇಕಾಗಿತ್ತು. ರವಿಕೆಯ ಐದು ಹುಕ್ಕುಗಳನ್ನು ನಾನೇ ಹಾಕಿದೆ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದರು. "ಇದನ್ನ ಯಾರಿಗೂ ಹೇಳಬ್ಯಾಡ" ಎಂದರು. ಈಗ ಬರೆಯುವ ಮೊದಲು ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಎಂಟೂ ಹತ್ತಕ್ಕೆ ತಜ್ಞರ ಮುಂದೆ ಕೂತೆವು. "ಹೇಗಿದೀರಿ?" ಎಂದು ಕೇಳಿದರು. ಅತ್ತೆ ಅಭ್ಯಾಸಬಲದಿಂದ "ಆರಾಮಿ..." ಎಂದು ಶುರು ಮಾಡುವಷ್ಟರಲ್ಲಿ ಡಾಕ್ಟರ ಕಣ್ಣು ಕೈಗಳ ಮೇಲೆ ಬಿತ್ತು. ಮುಷ್ಟಿ ಹಿಡಿಯಲು ಹೇಳಿದರು. ಬೆರಳುಗಳು ಅರ್ಧ ದಾರಿಯಲ್ಲೇ ನಿಂತವು. ಒಂದೊಂದೇ ಗಿಣ್ಣನ್ನು ಮೆಲ್ಲಗೆ ಒತ್ತಿ ನೋಡಿ ಡಾಕ್ಟರು, "ಇದು ಸಂಧಿವಾತ. ಬೆಳಗ್ಗೆ ಹೀಗೆ ಬಿಗಿಯೋದೇ ಇದರ ದೊಡ್ಡ ಗುರುತು. ಈ ಎರಡು ಬೆರಳು ಇನ್ನು ನೆಟ್ಟಗಾಗಲ್ಲಮ್ಮ. ಉಳಿದದ್ದನ್ನ ಉಳಿಸೋಣ. ಮೊದಲೇ ಯಾಕೆ ಬರಲಿಲ್ಲ?" ಎಂದರು.

"ಬಂದಿದ್ದೆ ಸಾಹೇಬ್ರೆ, ಮೂರು ಸಲ. ನಾನು ಬರಾ ಹೊತ್ತಿಗೆ ನೋವು ಹೋಗಿರ್ತಿತ್ತು. ನೀವೂ ಹೋಗಿರ್ತಿದ್ರಿ."

ಡಾಕ್ಟರು ನಗಲು ಹೋಗಿ ನಿಲ್ಲಿಸಿದರು. ಅತ್ತೆಯ ಮುಖದಲ್ಲಿ ತಮಾಷೆ ಇರಲಿಲ್ಲ.

"ಅಂದ್ರೆ ಇದು ಕಾಯಿಲೆನಾ?"

"ಹೌದಮ್ಮ, ಕಾಯಿಲೆ."

"ಸೋಂಬೇರಿತನ ಅಲ್ಲ?"

"ಯಾರು ಹೇಳಿದ್ದು ನಿಮಗೆ?"

ಅತ್ತೆ ಯಾರ ಹೆಸರನ್ನೂ ಹೇಳಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸೆರಗಿನಿಂದ ಕಣ್ಣೊರೆಸಲು ಹೋದರು, ಸೆರಗು ಬೆರಳಿಗೆ ಸಿಕ್ಕಲಿಲ್ಲ, ಮುಂಗೈಯಿಂದಲೇ ಒರೆಸಿಕೊಂಡರು. ತಮಗೆ ಸೋಮಾರಿತನವೇ ಇರಬೇಕು ಎಂದು ಅವರೂ ಇಷ್ಟು ವರ್ಷ ನಂಬಿಬಿಟ್ಟಿದ್ದರು. ನಾನು ಅತ್ತದ್ದು ಅಲ್ಲಿ, ಡಾಕ್ಟರು ರಕ್ತಪರೀಕ್ಷೆಗೆ ಬರೆಯುತ್ತಿದ್ದಾಗ.

ಚೀಟಿ ಕೈಗೆ ಬಂದರೂ ಅತ್ತೆ ಏಳಲಿಲ್ಲ.

"ಸಾಹೇಬ್ರೆ, ನಮ್ಮೂರಾಗೆ ನನ್ನಂಥ ಸೋಂಬೇರಿಗಳು ಇನ್ನೂ ಮೂರು ಜನ ಅವ್ರೆ. ಒಬ್ಬಾಕೆ ತಡ ಮಾಡ್ತಾಳೆ ಅಂತ ನಾಟಿ ಕೆಲಸಕ್ಕೆ ಯಾರೂ ಕರಿಯಾದಿಲ್ಲ. ಇನ್ನೊಬ್ಬಾಕೆ ಗಂಡನ ಕೈಲಿ ಏಟು ತಿಂತಾಳೆ. ಒಂದು ಹುಡುಗಿ, ಇಪ್ಪತ್ತೆರಡು ವರ್ಷ, ಬೆಳಗ್ಗೆ ಬಚ್ಚಲಿಗೆ ಹೋಗಾಕೂ ಗೋಡೆ ಹಿಡಿತಾಳೆ. ಮದುವೆ ನಿಲ್ತೈತೆ ಅಂತ ಮುಚ್ಚಿಟ್ಟವ್ರೆ. ಕರ್ಕಂಡು ಬಂದ್ರೆ ನೋಡ್ತೀರಾ?"

"ಕರ್ಕೊಂಡು ಬನ್ನಿ ಅಮ್ಮ."

"ಅವರಿಗೆ ಲಾಡ್ಜು ಗೀಡ್ಜು ಆಗಾದಿಲ್ಲ. ಎರಡನೇ ಬಸ್ಸಿಗೇ ಬರಬೇಕು. ಅಲ್ಲಿ ಮಟ ನೀವಿರ್ತೀರಾ?"

ಡಾಕ್ಟರು ಬಾಗಿಲಾಚೆಯ ಉದ್ದ ಸಾಲನ್ನು ನೋಡಿದರು. ಆಮೇಲೆ "ಇರ್ತೀನಿ" ಎಂದರು.

ಅತ್ತೆಗೆ ಅಷ್ಟು ಸಾಲಲಿಲ್ಲ. ನನ್ನ ಕಡೆ ತಿರುಗಿ, "ಕೇಳಿಸ್ಕಂಡ್ಯಾ? ಬರಾ ಗುರುವಾರ ಕೌಂಟರಿನೋರು ಬಿಡದಿದ್ರೆ ನೀನು ಬಂದು ಹೇಳ್ತೀಯ ತಾನೇ?" ಎಂದರು.

"ಹೇಳ್ತೀನಿ ಅತ್ತೆ" ಎಂದೆ. ಹನ್ನೊಂದು ವರ್ಷದಲ್ಲಿ ಅವರ ಪರವಾಗಿ ನಾನು ಆಡಿದ ಮೊದಲ ಮಾತು ಅದು.