ಕಾರಿಗೆ ಬೈಂಡ್ ಹಾಕಿಸಿದ್ದು

ನಾನು ಯಾವ ಕೆಲಸಕ್ಕೆ ಗಂಭೀರವಾಗಿ ಹೊರಡುತ್ತೇನೋ ಆ ಕೆಲಸದಲ್ಲೇ ನಗು ಬರುವಂಥದ್ದು ನಡೆಯುತ್ತದೆ. ಕಾರಿಗೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಹಾಕಿಸಲು ಹೊರಟಾಗಲೂ ಹಾಗೇ ಆಯಿತು.

ಕಾರು ನಮ್ಮ ಯಜಮಾನರದು, ಬಿಳಿ ಬಣ್ಣದ್ದು. ಅದರ ಮೇಲೆ ಒಂದು ನೀರಿನ ಗುರುತು ಉಳಿದರೂ ಕಾರು ತೊಳೆಯುವವನನ್ನು ರಸ್ತೆಯ ತಿರುವಿನಿಂದ ವಾಪಸ್ ಕರೆಸುತ್ತಿದ್ದ ಮನುಷ್ಯ. ಅಂಥವರೇ ತಮ್ಮ ಕೊನೆಯ ಆಯುಧಪೂಜೆಯಲ್ಲಿ ಬಾನೆಟ್ಟಿನ ಮೇಲೆ ಮೂರು ಕುಂಕುಮದ ಬೊಟ್ಟು ಇಟ್ಟರು. ಎರಡು ಒಂದೇ ಮಟ್ಟದಲ್ಲಿ. ಮೂರನೆಯದು, ಕನ್ನಡಕ ಹಾಕಿಕೊಳ್ಳದ ಕಾರಣ, ಸ್ವಲ್ಪ ಕೆಳಗೆ. ಪೂಜೆಯಾದ ಕೂಡಲೇ ಒರೆಸಬಾರದೆಂದು ಬಿಟ್ಟದ್ದು ಬಿಸಿಲಿಗೆ ಕಲೆಯಾಗಿ ನಿಂತಿತು. ಆಗ ನಾನು ಗೊಣಗಿದ್ದೆ. ಅವರು ಹೋದ ಮೇಲೆ ಆ ಕಲೆ ದಿನದಿನಕ್ಕೆ ಮಸುಕಾಗುತ್ತಿರುವುದನ್ನು ನೋಡಲು ನನ್ನಿಂದ ಆಗಲಿಲ್ಲ. ಅದರ ಮೇಲೆ ಏನಾದರೂ ಹೊದಿಸಬೇಕಿತ್ತು. ಕಾರಣವನ್ನು ಯಾರಿಗೂ ಹೇಳದೆ, ಫಿಲ್ಮ್ ಬಗ್ಗೆ ಮಾತ್ರ ವಿಚಾರಿಸತೊಡಗಿದೆ.

ಲೇಬಲ್ ಎಲ್ಲಿ?

ನಾನು ಪಾಠ ಮಾಡುವ ಏಳನೇ ತರಗತಿಯಲ್ಲಿ ನನ್ನ ಮೇಜಿನ ಮೇಲಿದ್ದ ಅಂಗಡಿಯ ಕರಪತ್ರ ನೋಡಿ ಹುಡುಗಿಯೊಬ್ಬಳು ಕೇಳಿದಳು, "ಮಿಸ್, ಇದೇನು?"

"ಕಾರಿನ ಬಣ್ಣ ಹಾಳಾಗದ ಹಾಗೆ ಮೇಲೆ ಅಂಟಿಸುವ ಪಾರದರ್ಶಕ ಹಾಳೆ."

"ಬುಕ್ಕಿಗೆ ಬೈಂಡ್ ಹಾಕ್ತೀವಲ್ಲ, ಹಂಗಾ?"

"ಹೆಚ್ಚುಕಡಿಮೆ ಹಾಗೇ."

ಹಿಂದಿನ ಬೆಂಚಿನಿಂದ ಒಂದು ಧ್ವನಿ: "ಲೇಬಲ್ ಎಲ್ಲಿ ಅಂಟಿಸ್ತೀರಾ ಮಿಸ್?"

ನಂಬರ್ ಪ್ಲೇಟ್ ಇದೆಯಲ್ಲ ಎಂದೆ.

"ಅದ್ರಲ್ಲಿ ಹೆಸ್ರು, ಕ್ಲಾಸು, ಸೆಕ್ಷನ್ ಇರಲ್ವಲ್ಲ! ಲೇಬಲ್ ಇಲ್ದಿದ್ರೆ ನೀವೇ ಮುಟ್ಟಲ್ಲ ಅಂತೀರ!"

ಪ್ರತಿ ಜೂನಿನಲ್ಲೂ ಹಾಗೆ ಹೇಳುವವಳು ನಾನೇ ಆದ್ದರಿಂದ ಪಾಠಕ್ಕೆ ತಿರುಗಿಕೊಂಡೆ.

ಗೀಚಿ ಮೇಡಂ

ಬನಶಂಕರಿಯ ಅಂಗಡಿಯಲ್ಲಿ ಸೇಲ್ಸ್ ಯುವಕನೊಬ್ಬ ಪ್ರದರ್ಶನಕ್ಕೆ ಇಟ್ಟಿದ್ದ ಒಂದು ಕಪ್ಪು ಬಾನೆಟ್ಟಿನ ಮುಂದೆ ನನ್ನನ್ನು ನಿಲ್ಲಿಸಿ, ಕೈಗೆ ಕೀಲಿ ಕೊಟ್ಟ.

"ಗೀಚಿ ಮೇಡಂ."

"ಬೇಡಪ್ಪ."

"ಜೋರಾಗಿ ಗೀಚಿ! ಬಿಸಿನೀರು ಹಾಕಿದ್ರೆ ಗೀರು ತಾನೇ ಮಾಯ ಆಗುತ್ತೆ. ಸಖತ್ ಫಿಲ್ಮು!"

ಗೋಡೆ, ಡೆಸ್ಕು, ಬೆಂಚು, ಯಾವುದರ ಮೇಲೂ ಗೀಚಬೇಡಿ ಎಂದು ಹೇಳುತ್ತಲೇ ತಲೆ ನರೆತವಳು ನಾನು. ಆದರೂ ಒಮ್ಮೆ ಗೀಚಿ ನೋಡುವ ಆಸೆ ನನಗೂ ಇತ್ತೆಂದು ಆಗ ಗೊತ್ತಾಯಿತು. ಉದ್ದಕ್ಕೆ ಒಂದು ಗೀರು ಎಳೆದೆ. ಅವನು ಬಿಸಿನೀರು ಸುರಿದ. ಗೀರು ಹೋಗಲಿಲ್ಲ. ಮತ್ತೆ ಸುರಿದ. ಚಹಾ ಮಾಡುವಷ್ಟು ನೀರು ಖರ್ಚಾದ ಮೇಲೆ ಬಗ್ಗಿ ನೋಡಿದ. ಬಾನೆಟ್ಟಿನ ಅರ್ಧಕ್ಕೆ ಮಾತ್ರ ಫಿಲ್ಮ್ ಇತ್ತು. ನಾನು ಗೀಚಿದ್ದು ಇನ್ನರ್ಧದ ಮೇಲೆ.

ನಾನು ಕ್ಷಮೆ ಕೇಳುವ ಮೊದಲೇ ಅವನು ನೆಟ್ಟಗೆ ನಿಂತು ಹೇಳಿದ, "ನೋಡಿದ್ರಾ ಮೇಡಂ? ಫಿಲ್ಮ್ ಹಾಕಿಸ್ದೆ ಇದ್ರೆ ನಿಮ್ಮಂಥೋರು ಬಂದು ಹಿಂಗೇ ಮಾಡ್ತಾರೆ!"

ನಮ್ಮ ಓನರ್ ಸಲಹೆ

ನಮ್ಮ ಮನೆ ಓನರ್ ಹಿಂದೆ ಕೋಣನಕುಂಟೆಯಲ್ಲಿ ರಾಗಿ ಬೆಳೆಯುತ್ತಿದ್ದವರು. ಈಗ ಬಾಡಿಗೆ ಮನೆಗಳಿವೆ. ಅವರ ಕಾರು ಶೆಡ್ಡಿನೊಳಗೆ ಕವರಿನಡಿ ನಿಂತಿರುತ್ತದೆ. ಕವರಿನ ಮೇಲೆ ಟಾರ್ಪಾಲು. ಸೀಟಿನ ಪ್ಲಾಸ್ಟಿಕ್ಕನ್ನೂ ಇನ್ನೂ ತೆಗೆದಿಲ್ಲವಂತೆ. ಕಾರಿನ ಬಣ್ಣ ಯಾವುದೆಂದು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ.

"ಟೀಚರಮ್ಮ, ಫಿಲ್ಮೂ ಬೇಡ, ಗಿಲ್ಮೂ ಬೇಡ. ನನ್ ಕಾರು ನೋಡಿ, ಒಂದು ಗೀರು ಐತಾ?" ಎಂದರು.

ಇರಲಾರದು ಎಂದೆ. ಅಷ್ಟರಲ್ಲಿ ಅವರ ಹೆಂಡತಿ ರೇಷ್ಮೆ ಸೀರೆ ಉಟ್ಟು ಗೇಟಿನ ಹೊರಗೆ ಬಂದರು. ಜಯನಗರದಲ್ಲಿ ಮದುವೆಯಂತೆ. ಮೋಡ ಕವಿದಿತ್ತು. ಓನರ್ ಆಕಾಶ ನೋಡಿ, ಶೆಡ್ ನೋಡಿ, ಬೀದಿಗೆ ಓಡಿ ಕೈ ಬೀಸಿದರು.

"ಆಟೋ! ಬೇಗ ಹತ್ತೇ! ಕಾರು ತೆಗೆದ್ರೆ ನೆನೆಯುತ್ತೆ!"

ನಮ್ಮ ಅಂಗಡಿ ಮರ್ಯಾದೆ

ಕೊನೆಗೆ ನನಗೆ ಒಪ್ಪಿಗೆಯಾದದ್ದು ಸುಬ್ರಹ್ಮಣ್ಯಪುರದ ಅಂಗಡಿ. ಅದರ ಮಾಲೀಕ ಬಾನೆಟ್ ನೋಡಿದವನೇ, "ಮೊದ್ಲು ಪಾಲಿಶ್ ಹೊಡೆದು ಈ ಕಲೆ ತೆಗಿಬೇಕು. ಒಳಗೆ ಏನಿರುತ್ತೋ ಅದು ಹಂಗೇ ಲಾಕ್ ಆಗ್ಬಿಡುತ್ತೆ," ಎಂದ.

"ಹಾಗೇ ಲಾಕ್ ಆಗಲಿ."

"ಅಯ್ಯೋ, ಬಿಸಿಲೂ ಅಷ್ಟಾಗಿ ತಾಗಲ್ಲ ಮೇಡಂ. ವರ್ಷಗಟ್ಟಲೆ ಹೋಗಲ್ಲ!"

"ಅದಕ್ಕೇ ಬಂದಿದ್ದೇನೆ."

ಅವನು ನನ್ನನ್ನೂ ಕಾರನ್ನೂ ನೋಡಿದ. "ನೋಡಿದವ್ರು ನಮ್ ಕೆಲಸ ಸರಿ ಇಲ್ಲ ಅಂತಾರೆ. ನಮ್ ಅಂಗಡಿ ಮರ್ಯಾದೆ ಹೋಗುತ್ತೆ ಮೇಡಂ."

ಬೇರೆ ದಾರಿ ಇರಲಿಲ್ಲ. "ಅದು ನಮ್ಮ ಯಜಮಾನರು ಇಟ್ಟದ್ದು. ಅವರು ಈಗಿಲ್ಲ," ಎಂದೆ.

ಅವನು ಬಗ್ಗಿ ಬೊಟ್ಟುಗಳನ್ನು ಇನ್ನೊಮ್ಮೆ ನೋಡಿದ. ಆಮೇಲೆ ಒಳಗೆ ತಿರುಗಿ ಕೂಗಿದ, "ಲೋ, ಈ ಮೂರು ಬೊಟ್ಟಿಗೆ ಸುತ್ತ ಟೇಪ್ ಹಾಕ್ರೋ! ಪಾಲಿಶ್ ಮಿಷಿನ್ ಹತ್ರ ತಂದ್ರೆ ಕೈ ಮುರೀತೀನಿ!" ಮತ್ತೆ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಮೂರನೇದು ಸ್ವಲ್ಪ ಕೆಳಗಿದೆ. ಅದೂ ಹಂಗೇ ಇರ್ಲಾ ಮೇಡಂ?"

"ಹಾಗೇ ಇರಲಿ."

"ಸರಿ. ಬಿಲ್ಲಲ್ಲಿ ಬರ್ಕೊಡ್ತೀನಿ, ಕಲೆ ನಮ್ದಲ್ಲ ಅಂತ."

ಹಠ

ಕಾರು ಮನೆಗೆ ಬಂತು. ಪಾಲಿಶ್ ಆದ ಬಿಳುಪಿನ ಮೇಲೆ ಬೊಟ್ಟುಗಳು ಮೊದಲಿಗಿಂತ ಎದ್ದು, ಗಾಜಿನ ಹಿಂದಿಟ್ಟ ಹಾಗೆ ಕಾಣುತ್ತಿದ್ದವು. ಒಂದೇ ತಪ್ಪಾಯಿತು. ಬೀದಿಯ ಕಾರುಗಳನ್ನೆಲ್ಲ ತೊಳೆಯುವವನಿಗೆ ಫಿಲ್ಮ್ ವಿಷಯ ಹೇಳಲು ಮರೆತೆ.

ಒಂದು ಬೆಳಿಗ್ಗೆ ಹೊರಗೆ ಏದುಸಿರು ಬಿಡುವ ಸದ್ದು. ಹೋಗಿ ನೋಡಿದರೆ, ಅವನು ಬಾನೆಟ್ಟಿನ ಮೇಲೆ ಬಗ್ಗಿ ಆ ಮೂರು ಬೊಟ್ಟುಗಳನ್ನು ಉಜ್ಜುತ್ತಿದ್ದಾನೆ. ಪಕ್ಕದಲ್ಲಿ ಶ್ಯಾಂಪೂ, ನಿಂಬೆಹಣ್ಣು, ಹುಣಸೆಹಣ್ಣು. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

"ಏನು ಮಾಡ್ತಿದೀಯಪ್ಪ?"

"ಮೇಡಂ, ವಾರದಿಂದ ಉಜ್ತಾ ಇದೀನಿ! ದೇವರ ಮನೆ ದೀಪಾನೂ ಇಷ್ಟು ಉಜ್ಜಿಲ್ಲ. ಅಲ್ಲಾಡ್ತಿಲ್ಲ! ಯಾರಿಟ್ಟಿದ್ದು ಇದು?"

ಬೊಟ್ಟುಗಳು ಇದ್ದ ಹಾಗೇ ಇದ್ದವು.

"ಸಾರ್ ಇಟ್ಟದ್ದು," ಎಂದೆ.

ಅವನು ಬಟ್ಟೆಯನ್ನು ಬಕೆಟ್ಟಿಗೆ ಎಸೆದು, ಸೊಂಟದ ಮೇಲೆ ಕೈಯಿಟ್ಟು, ಕಾರಿಗೇ ಹೇಳುವ ಹಾಗೆ ಹೇಳಿದ:

"ಏನ್ ಸಾರ್ ನೀವು! ಇದ್ದಾಗ ಒಂದು ಕಲೆ ಬಿಟ್ರೆ ವಾಪಸ್ ಕರೆಸ್ತಿದ್ರಿ. ಈಗ ನೀವೇ ಮೂರು ಬಿಟ್ಟು ಹೋಗಿದೀರಲ್ಲ, ನಿಮ್ಮನ್ನ ಹೆಂಗೆ ವಾಪಸ್ ಕರೆಸ್ಲಿ?"

ನಾನು ನಕ್ಕೆ. ಅವರು ಹೋದ ಮೇಲೆ ಅಷ್ಟು ಜೋರಾಗಿ ನಕ್ಕಿರಲಿಲ್ಲ. ಎದುರು ಮನೆಯವರು ಕಿಟಕಿ ತೆಗೆದು ನೋಡಿದರು. ಅವನು ಹುಣಸೆಹಣ್ಣನ್ನು ತೊಳೆದು ನನ್ನ ಕೈಗಿಟ್ಟ.

"ವೇಸ್ಟ್ ಆಗೋದು ಬೇಡ ಮೇಡಂ. ಸಾರಿಗೆ ಹಾಕ್ಕೊಳ್ಳಿ."